ಕೆಂಪು ಚುಕ್ಕೆಯ ಬೆಲ್ಟು

ನನ್ನ ಕಾರನ್ನು ಕಂಡವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಟ್ವಿನ್ ಟರ್ಬೊನಾ?’ ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದಾರೆ, ಆಫೀಸಿನ ಪಾರ್ಕಿಂಗಿನಲ್ಲಿ ಕೇಳಿದ್ದಾರೆ, ಲಿವರ್‌ಮೋರ್ ದೇವಸ್ಥಾನದ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗಲೂ ಕೇಳಿದ್ದಾರೆ. ಅಲ್ಲ ಅಂದ ಕೂಡಲೇ ಎದುರಿನವರ ಮುಖದ ಬೆಳಕು ಒಂದು ಚೂರು ಇಳಿಯುತ್ತಿತ್ತು. ಹದಿನಾರು ವರ್ಷ ಅದನ್ನು ನೋಡಿದ್ದೇನೆ. ಕಾರು ಹೋಗಿ ಇಷ್ಟು ಕಾಲವಾದ ಮೇಲೂ ಯಾರಾದರೂ ಟರ್ಬೊ ಅಂದರೆ, ‘ಅಲ್ಲ, ನಂದು ಎನ್‌ಎ, ಟರ್ಬೊ ಇಲ್ಲದ್ದು’ ಅನ್ನುವ ಉತ್ತರ ಬಾಯಿಗೆ ಬಂದು ನಿಲ್ಲುತ್ತದೆ.

ಅದು ನಿಸ್ಸಾನ್ 300 ಝಡ್‌ಎಕ್ಸ್. 1991ರ ಮಾಡೆಲ್ಲು, ಕಪ್ಪು ಬಣ್ಣ, ಐದು ಗೇರು. ತಲೆಯ ಮೇಲೆ ಎರಡು ಗಾಜಿನ ಹಲಗೆ. ಅವನ್ನು ಬಿಚ್ಚಿ ಡಿಕ್ಕಿಯಲ್ಲಿ ಇಟ್ಟರೆ ಆಕಾಶ ನಮ್ಮದು. 1998ರಲ್ಲಿ, ಅಮೆರಿಕಕ್ಕೆ ಬಂದ ಎರಡನೇ ವರ್ಷ, ಸನ್ನಿವೇಲ್‌ನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಂದ ಕೊಂಡೆ. ಈ ಕಾರಿಗೆ ಒಬ್ಬ ಒಡಹುಟ್ಟಿದವನಿದ್ದ. ಅದೇ ಮೈಕಟ್ಟು, ಅದೇ ಮೂರು ಲೀಟರಿನ ವಿ6 ಎಂಜಿನ್, ಆದರೆ ಎರಡು ಟರ್ಬೊ. ಅವನದು 300 ಕುದುರೆ ಶಕ್ತಿ, ನನ್ನದು 222. ಅವನ ಬೆನ್ನ ಮೇಲೊಂದು ರೆಕ್ಕೆ, ನನ್ನದು ಬೋಳು. 1990ರ ಸೂಪರ್ ಬೌಲ್ ಪಂದ್ಯದ ನಡುವೆ ಈ ಕಾರಿಗಾಗಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ಜಾಹೀರಾತೊಂದು ಬಂದಿತ್ತು. ಕನಸಿನಲ್ಲಿ ಒಬ್ಬ ಕಾರು ಓಡಿಸುತ್ತಿರುತ್ತಾನೆ, ಮೋಟರ್‌ಸೈಕಲ್ಲು ಅಟ್ಟಿಸಿಕೊಂಡು ಬರುತ್ತದೆ, ರೇಸ್ ಕಾರು ಬರುತ್ತದೆ, ಕೊನೆಗೆ ವಿಮಾನವೇ ಬರುತ್ತದೆ, ಯಾವುದಕ್ಕೂ ಅವನು ಸಿಕ್ಕುವುದಿಲ್ಲ. ವೇಗವನ್ನು ಹೊಗಳುತ್ತದೆ ಎಂಬ ಆಕ್ಷೇಪಕ್ಕೆ ಅದು ಒಂದೇ ಸಲ ಪ್ರಸಾರವಾಗಿ ನಿಂತುಹೋಯಿತು. ಆ ಕನಸಿನ ಕಾರೂ ಟರ್ಬೊನೇ.

ನನಗೆ ಮಾತ್ರ ನನ್ನದು ಯಾವತ್ತೂ ಎರಡನೆಯದಾಗಿ ಕಾಣಲಿಲ್ಲ. ರಾತ್ರಿ ಗ್ಯಾರೇಜಿನ ದೀಪ ಹಾಕಿದಾಗ ಅದರ ಓರೆ ಹೆಡ್‌ಲೈಟಿನ ಮೇಲೆ ಬೆಳಕು ಜಾರುವುದನ್ನು ನೋಡುತ್ತ ನಿಂತಿದ್ದಿದೆ. ಅದೇ ಹೆಡ್‌ಲೈಟನ್ನು 1999ರಲ್ಲಿ ಲ್ಯಾಂಬೋರ್ಗಿನಿಯವರು ತಮ್ಮ ಡಯಾಬ್ಲೊಗೆ ತಂದು ಕೂರಿಸಿಕೊಂಡರು. ಇಟಲಿಯವರು ಜಪಾನಿನವರ ಕಣ್ಣನ್ನು ಎರವಲು ಪಡೆದರು ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ತನ್ನ ದೇಶದಲ್ಲಿ ಈ ವಂಶದ ಕಾರಿಗೆ ಫೇರ್‌ಲೇಡಿ ಎಂಬ ಹೆಸರು. ಈ ಹೆಸರಿಗೆ ಅಮೆರಿಕದವರು ಮರುಳಾಗುವುದಿಲ್ಲ ಎಂದು ಇಲ್ಲಿ ಕಂಪನಿ ನಡೆಸುತ್ತಿದ್ದ ಯುತಾಕಾ ಕತಾಯಾಮಾ, ಈ ವಂಶದ ಮೊದಲ ಕಾರುಗಳು ಬಂದಿಳಿದಾಗ ಹೆಸರಿನ ಪಟ್ಟಿ ಕೀಳಿಸಿ 240 ಝಡ್ ಎಂದು ಹಾಕಿಸಿದರು. ಆ ಮನುಷ್ಯ 2015ರವರೆಗೆ, 105 ವರ್ಷ ಬದುಕಿದರು. ಕಾರು ಮಾಡುವವರಲ್ಲಿ ಕಾರನ್ನು ಪ್ರೀತಿಸುವವರು ಎಲ್ಲ ಕಾಲದಲ್ಲೂ ಕಮ್ಮಿ. ಅವರು ಪ್ರೀತಿಸಿದವರು.

ಟರ್ಬೊ ಇಲ್ಲದ್ದರಲ್ಲಿ ಏನಿದೆ ಅನ್ನುವುದನ್ನು ಹೇಳಬೇಕು, ಯಾಕೆಂದರೆ ಯಾರೂ ಹೇಳುವುದಿಲ್ಲ. ಟರ್ಬೊದಲ್ಲಿ ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುರುಕುತ್ತದೆ. ನನ್ನ ಕಾರಿಗೆ ಹಾಗೆ ತುರುಕುವವರಿಲ್ಲ. ಪಿಸ್ಟನ್ ಕೆಳಗಿಳಿಯುವಾಗ ತಾನೇ ಎಳೆದುಕೊಂಡಷ್ಟೇ ಗಾಳಿ ಅದಕ್ಕೆ. ಆ ಕೊರತೆ ತುಂಬಲು ಒಳಗೆ ಅದನ್ನು ಹೆಚ್ಚು ಬಿಗಿಯಾಗಿ ಒತ್ತುತ್ತದೆ: ಟರ್ಬೊ ಎಂಜಿನ್ನಿನ ಕಂಪ್ರೆಷನ್ 8.5 ಆದರೆ ನನ್ನದು 10.5. ಚಕ್ರ ತಿರುಗಲು ಕಾಯುವ ಗೊಡವೆಯೂ ಇಲ್ಲ, ಹೀಗಾಗಿ ಆಕ್ಸಿಲರೇಟರ್ ಒತ್ತುವುದಕ್ಕೂ ಕಾರು ಉತ್ತರ ಕೊಡುವುದಕ್ಕೂ ನಡುವೆ ಬಿಡುವೇ ಇಲ್ಲ. ಟರ್ಬೊದವನು ಮೊದಲು ಅರೆಗಳಿಗೆ ಯೋಚಿಸುತ್ತಾನೆ, ಆಮೇಲೆ ದಬ್ಬುತ್ತಾನೆ. ನನ್ನದು ಹೆಬ್ಬೆರಳು ಅಲುಗಿಸಿದರೆ ಸಾಕು, ‘ಹೂಂ’ ಅನ್ನುತ್ತಿತ್ತು. ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ ಆ ಹೂಂಕಾರ ಒಂದು ರಾಗಕ್ಕೆ ತಿರುಗುತ್ತಿತ್ತು. ಸಾರಟೋಗಾದಿಂದ ಹೈವೇ 9 ಹಿಡಿದು ಸ್ಕೈಲೈನ್ ರಸ್ತೆಯ ಕಡೆ ಬೆಟ್ಟ ಹತ್ತುವಾಗ, ಎರಡೂ ಕಡೆ ರೆಡ್‌ವುಡ್ ಮರಗಳ ನಡುವೆ, ಮೂರನೇ ಗೇರಿನಲ್ಲಿ ಆ ರಾಗ ಕೇಳಿದವನಿಗೆ ಇನ್ನೊಂದು ಎಪ್ಪತ್ತೆಂಟು ಕುದುರೆಯ ಆಸೆ ಹುಟ್ಟುವುದಿಲ್ಲ.

ನನಗೆ ಹುಟ್ಟಿತು. ಆದರೆ ಅದು ಆಮೇಲಿನ ಮಾತು.

2003ರ ಮೇ ತಿಂಗಳಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದರು. ಅವರು ಬಂದ ಮೂರನೇ ವಾರ ನನ್ನ ಕೆಲಸ ಹೋಯಿತು. ಆ ಎರಡು ಮೂರು ವರ್ಷ ಸಿಲಿಕಾನ್ ಕಣಿವೆಯಲ್ಲಿ ಎಷ್ಟೋ ಮನೆಗಳ ಕಥೆ ಅದೇ ಆಗಿತ್ತು. ಅಪ್ಪ ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವರು. ಶಿರಾಡಿ ಘಾಟಿ ಹತ್ತಿ ಬಂದ ಮಂಗಳೂರು ಬಸ್ಸು ಗೇಟಿನೊಳಗೆ ತಿರುಗುತ್ತಿದ್ದಂತೆ, ಟೀ ಲೋಟ ಕೆಳಗಿಡದೆ, ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರಂತೆ. ಕೆಲಸ ಹೋದದ್ದನ್ನು ನಾನು ಹೇಳಿದ ಸಂಜೆ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ಗ್ಯಾರೇಜಿಗೆ ಹೋಗಿ ಕಾರಿನ ಬಾನೆಟ್ ಎತ್ತಿ ನಿಂತಿದ್ದರು. ಒಳಗೆ ಬೆರಳು ತೂರುವುದಕ್ಕೂ ಸಂದಿಲ್ಲದ ಆ ಎಂಜಿನ್ ಕೋಣೆಯನ್ನು ಬಹಳ ಹೊತ್ತು ನೋಡಿ, ‘ಇದನ್ನ ಬಿಚ್ಚೋನಿಗೆ ಬೆರಳಲ್ಲೇ ಕಣ್ಣಿರಬೇಕು ಕಣೋ’ ಅಂದರು.

ಆ ಕಾರಿನಲ್ಲಿ ಕೂರುವುದು ಅವರಿಗೆ ಕಷ್ಟವಾಗುತ್ತಿತ್ತು. ಚಾಪೆಯ ಮೇಲೆ ಕೂತು ಕಾಲು ಚಾಚಿದ ಹಾಗೆ. ಆದರೂ ಗಾಜಿನ ಹಲಗೆ ಬಿಚ್ಚಿಸಿ, ಮಂಕಿ ಕ್ಯಾಪು ಬಿಗಿದುಕೊಂಡು ಬೆಟ್ಟಕ್ಕೆ ಬರುತ್ತಿದ್ದರು. ತಿರುವಿನಲ್ಲಿ ನೋಟದ ಕಡೆ ಅವರ ಗಮನವಿರುತ್ತಿರಲಿಲ್ಲ. ತಲೆ ಕೊಂಚ ವಾಲಿಸಿ ಎಂಜಿನ್ ಕೇಳುತ್ತಿರುತ್ತಿದ್ದರು.

ಈ ಎಂಜಿನ್ನಿನ ಜೀವ ಒಂದು ರಬ್ಬರ್ ಬೆಲ್ಟಿನ ಮೇಲಿದೆ. ಕೆಳಗಿನ ಕ್ರ್ಯಾಂಕ್ ಚಕ್ರದಿಂದ ಮೇಲಿನ ನಾಲ್ಕು ಕ್ಯಾಮ್ ಚಕ್ರಗಳನ್ನು ಸುತ್ತುವ ಹಲ್ಲಿನ ಬೆಲ್ಟು ಅದು. 24 ವಾಲ್ವುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅದೇ ನಡೆಸುತ್ತದೆ. ಅದು ತುಂಡಾದರೆ ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತದೆ. ಆದ್ದರಿಂದ 60,000 ಮೈಲಿಗೆ ಬದಲಾಯಿಸಬೇಕು ಎಂದು ಕಟ್ಟಳೆ. ಹಿಂದಿನ ಮಾಲೀಕರು ಬದಲಾಯಿಸಿರಲಿಲ್ಲ. ನನ್ನ ಕಾರು ಆಗಲೇ 78,000 ದಾಟಿತ್ತು. ‘ವಾಲ್ವಿಗೆ ರಬ್ಬರಾ?’ ಎಂದು ಅಪ್ಪ ಎರಡು ಸಲ ಕೇಳಿದರು. ಅಂಗಡಿಗೆ ಕೊಡಲು ನನ್ನಲ್ಲಿ ದುಡ್ಡಿರಲಿಲ್ಲ. ‘ನಾವೇ ಮಾಡಣ’ ಅಂದರು.

ನಾಲ್ಕು ದಿನ ಹಿಡಿಯಿತು. ರೇಡಿಯೇಟರ್ ಕಳಚಿದೆವು, ಫ್ಯಾನ್ ಕಳಚಿದೆವು. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಅರ್ಧ ದಿನ ಜಗ್ಗಲಿಲ್ಲ. ಪಾನೆಯ ಹಿಡಿಗೆ ಉದ್ದದ ಪೈಪು ತೂರಿಸಿ ನಾನು ಮೈಯೆಲ್ಲ ಭಾರ ಹಾಕುತ್ತಿದ್ದರೆ, ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ‘ಎಳೀಬೇಡ, ತೂಗು’ ಅನ್ನುತ್ತಿದ್ದರು. ತೂಗಿದಾಗ ಬಿಟ್ಟಿತು. ಹಳೆಯ ಬೆಲ್ಟು ತೆಗೆಯುವ ಮೊದಲು ಗುರುತು ಮಾಡಬೇಕಿತ್ತು. ಚಕ್ರಗಳಲ್ಲಿ ಕಂಪನಿಯ ಗೀಟುಗಳಿದ್ದವು, ಅಪ್ಪನ ಕಣ್ಣಿಗೆ ಅವು ಸಾಲದಾದವು. ಒಳಗೆ ಹೋಗಿ ನನ್ನ ಹೆಂಡತಿಯ ಹತ್ತಿರ ಉಗುರಿಗೆ ಹಚ್ಚುವ ಬಣ್ಣ ಕೇಳಿ ತಂದರು. ಕೆಂಪು. ಪ್ರತಿ ಚಕ್ರದ ಮೇಲೆ ಒಂದು ಚುಕ್ಕೆ, ಹೊಸ ಬೆಲ್ಟಿನ ಅಂಚಿಗೆ ಅದರ ಎದುರಿಗೊಂದು ಚುಕ್ಕೆ. ಆ ಪುಟ್ಟ ಕುಂಚವನ್ನು ಅವರು ಹಿಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕಿರುಬೆರಳನ್ನು ಎಂಜಿನ್ನಿಗೆ ಆನಿಸಿ, ಉಸಿರು ಹಿಡಿದು. ಬೆಲ್ಟು ಕೂರಿಸಿದ ಮೇಲೆ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಚಕ್ರಗಳ ಗುರುತು ಮತ್ತೆ ತಂತಮ್ಮ ಜಾಗಕ್ಕೆ ಬಂದವು. ಬೆಲ್ಟಿನ ಚುಕ್ಕೆಗಳು ಮಾತ್ರ ಎಲ್ಲೋ ಮುಂದಕ್ಕೆ ಹೋಗಿದ್ದವು. ನಾನು ಗಾಬರಿಯಾದೆ. ‘ಅವು ಹಂಗೇ ಹೋಗ್ತವೆ, ಚಕ್ರಕ್ಕಿರೋವಷ್ಟೇ ಹಲ್ಲು ಬೆಲ್ಟಿಗಿಲ್ಲವಲ್ಲ. ತಿರುಗ್ತಾ ತಿರುಗ್ತಾ ಯಾವಾಗಲೋ ಒಂದ್ಸಲ ಕೂಡ್ತವೆ’ ಅಂದರು.

ಬೆಲ್ಟನ್ನು ಬಿಗಿಯಾಗಿ ಇಡುವ ಬೇರಿಂಗುಗಳನ್ನೂ ಒಟ್ಟಿಗೇ ಬದಲಾಯಿಸುವುದು ವಾಡಿಕೆ. ನನ್ನ ಹತ್ತಿರ ಬೆಲ್ಟಿಗೆ, ನೀರಿನ ಪಂಪಿಗೆ ಮಾತ್ರ ದುಡ್ಡು ಸಾಕಾಯಿತು. ಅಪ್ಪ ಹಳೆಯ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ಕಿವಿಯ ಹತ್ತಿರ ಹಿಡಿದರು. ಮತ್ತೆ ತಿರುಗಿಸಿದರು. ‘ಈ ಸಲ ನಡೀತದೆ. ಇನ್ನೊಂದು ಸಲ ಬಿಚ್ಚಿದಾಗ ಇದನ್ನ ಬಿಡಬ್ಯಾಡ’ ಅಂದರು. ಅಲ್ಲಿಗೆ ನಿಲ್ಲಿಸಲಿಲ್ಲ. ಬಿಸ್ಕತ್ತಿನ ಡಬ್ಬದ ಮುಚ್ಚಳದಿಂದ ಬೆರಳಗಲದ ತಗಡು ಕತ್ತರಿಸಿ, ಮೊಳೆಯಿಂದ ಗೀರಿ ಬರೆದು, ಬಾನೆಟ್ಟಿನ ಬೀಗದ ಪಕ್ಕ ಸ್ಕ್ರೂ ಹಾಕಿ ಕೂರಿಸಿದರು. ಡಿಪೋದ ಅಭ್ಯಾಸ. ನಾಲ್ಕು ಸಾಲು:

ಬೆಲ್ಟು 14-9-2003
ಮೈಲಿ 78,400
ಮುಂದೆ 1,38,400
ಬೇರಿಂಗ್ ಸಹ

ಸ್ಟಾರ್ಟ್ ಮಾಡಿದಾಗ ಅಪ್ಪ ತಮ್ಮ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಒಂದೊಂದೇ ಜಾಗಕ್ಕೆ ಸರಿಸುತ್ತ ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ನನ್ನ ಕಿವಿಗೂ ಒತ್ತಿದರು. ಹೊಲಿಗೆ ಯಂತ್ರದಂಥ ಸದ್ದು ಮರದ ಹಿಡಿಯೊಳಗಿಂದ ನೇರ ತಲೆಯೊಳಕ್ಕೆ ಬಂತು. ಅಕ್ಟೋಬರಿನಲ್ಲಿ ಅವರು ಊರಿಗೆ ಹೊರಟರು. ಮತ್ತೆ ಬರಲಿಲ್ಲ.

ಮರುವರ್ಷ ಕೆಲಸ ಸಿಕ್ಕಿತು, ಕೈಯಲ್ಲಿ ದುಡ್ಡು ಓಡಾಡತೊಡಗಿತು. ಭಾನುವಾರ ಬೆಳಿಗ್ಗೆ ವುಡ್‌ಸೈಡಿನ ಮೇಲೆ, ಹೈವೇ 84 ಸ್ಕೈಲೈನನ್ನು ಕೂಡುವ ಕಡೆ ಆಲೀಸಸ್ ರೆಸ್ಟೋರೆಂಟಿನ ಮುಂದೆ ಕಾರು ಬೈಕುಗಳವರು ಸೇರುತ್ತಾರೆ. ಅಲ್ಲಿ ಸುತ್ತ ಟರ್ಬೊಗಳು ನಿಂತಿದ್ದರೆ ಯಾರಿಗಾದರೂ ಮನಸ್ಸು ಕದಲುತ್ತದೆ. 10.5ರ ಎಂಜಿನ್ನಿಗೆ ಟರ್ಬೊ ಬಿಗಿದರೆ ಒಳಗೆ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ಮುರಿಯುವ ಭಯ. ಆದ್ದರಿಂದ ನಾನು ಸುತ್ತಲಿನದನ್ನೆಲ್ಲ ಬದಲಾಯಿಸುತ್ತ ಹೋದೆ. ಗಾಳಿಯ ಪೆಟ್ಟಿಗೆ ತೆಗೆದು ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿದೆ. ಹದಿನಾರು ಇಂಚಿನ ಚಕ್ರ ಹೋಗಿ ಹದಿನೇಳು ಬಂತು. ಸ್ಪ್ರಿಂಗು ಗಿಡ್ಡವಾಯಿತು, ಫ್ಲೈವೀಲು ಹಗುರವಾಯಿತು. 2005ರಲ್ಲಿ ಜೋಡಿ ಸೈಲೆನ್ಸರು, ಒಂದೊಂದರ ಬಾಯಿ ಮುಷ್ಟಿ ಹೋಗುವಷ್ಟು. ಚಕ್ರದ ಹತ್ತಿರ ಅಳೆಯುವ ಯಂತ್ರದ ಮೇಲೆ ನಿಲ್ಲಿಸಿ ನೋಡಿದರೆ ಎಲ್ಲ ಸೇರಿ ಗಳಿಸಿದ್ದು ಹನ್ನೆರಡು ಕುದುರೆ. ಟರ್ಬೊದವನು ಒಂದು ಚಿಪ್ ಬದಲಾಯಿಸಿ ಇದರ ನಾಲ್ಕು ಪಟ್ಟು ಪಡೆಯುತ್ತಾನೆ. ತಾನೇ ಉಸಿರೆಳೆಯುವ ಎಂಜಿನ್ನಿಗೆ ಜಪಾನಿನವರು ಮೊದಲೇ ಕೊಡಬಹುದಾದ್ದನ್ನೆಲ್ಲ ಕೊಟ್ಟು ಕಳಿಸಿದ್ದರು. ನಾನು ಸೇರಿಸಿದ್ದು ಬಹುಪಾಲು ಸದ್ದು.

ಆ ಸದ್ದು ನನಗೆ ಬಹಳ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಹಾಕಿಸಿದ ದಿನವೇ ಹಾಸನಕ್ಕೆ ಫೋನ್ ಮಾಡಿ, ಹೆಂಡತಿಗೆ ಆಕ್ಸಿಲರೇಟರ್ ಒತ್ತಲು ಹೇಳಿ, ಫೋನನ್ನು ಸೈಲೆನ್ಸರಿನ ಬಾಯಿಗೆ ಹಿಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇದು ಸೈಲೆನ್ಸರು ಮಾತಾಡ್ತಿರೋದು. ಎಂಜಿನ್ ಎಲ್ಲಿ ಮಗ?’ ಅಂದರು. ಎಂಜಿನ್ ಚೆನ್ನಾಗಿದೆಯಪ್ಪ ಅಂದೆ.

ಅಪ್ಪ ತೀರಿಕೊಂಡದ್ದು 2010ರ ಫೆಬ್ರವರಿಯಲ್ಲಿ. ವಿಮಾನ ಹಿಡಿದು, ಬೆಂಗಳೂರಿನಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ಹಾಸನ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ಅವರ ಪೆಟ್ಟಿಗೆ ಇತ್ತು. ಪಾನೆಗಳು ಸೈಜಿನ ಪ್ರಕಾರ, ಒಂದೊಂದೂ ಎಣ್ಣೆ ಬಟ್ಟೆಯಲ್ಲಿ. ಆ ಸ್ಕ್ರೂಡ್ರೈವರನ್ನು ಮಾತ್ರ ಬ್ಯಾಗಿನಲ್ಲಿ ತಂದೆ.

ಮರುವರ್ಷ ಮೀಟರು 1,38,400 ತಲುಪಿತು. ನಾನು ಮರೆತಿರಲಿಲ್ಲ. ಬೆಲ್ಟು, ಬೇರಿಂಗು, ಪಂಪು, ಎಲ್ಲ ಇರುವ ಪೆಟ್ಟಿಗೆಯನ್ನು ತರಿಸಿದೆ. ಈ ಸಲ ದುಡ್ಡಿನ ಕಷ್ಟವಿರಲಿಲ್ಲ. ಒಂದು ಶನಿವಾರ ಮೇಲಿನ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟೆ. ಚಕ್ರದ ಮೇಲಿನ ಚುಕ್ಕೆ ಇನ್ನೂ ಕೆಂಪಗೇ ಇತ್ತು. ಬೆಲ್ಟಿನ ಅಂಚಿನದು ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಕೈಯಿಂದ ಕ್ರ್ಯಾಂಕ್ ತಿರುಗಿಸಿದೆ. ಎರಡು ಸುತ್ತು, ನಾಲ್ಕು, ಹತ್ತು, ಎಣಿಕೆ ತಪ್ಪುವಷ್ಟು. ಒಂದು ಸಲ ಆ ಎರಡು ಚುಕ್ಕೆ ಎದುರುಬದುರು ಬಂದು ಕೂತವು, ಅಪ್ಪ ಕುಂಚ ಎತ್ತಿದ ಕ್ಷಣದಲ್ಲಿ ಇದ್ದ ಹಾಗೆ.

ಮುಚ್ಚಳ ಹಾಕಿದೆ. ಹೊಸ ಬೆಲ್ಟಿನ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟೆ. ಮುಂದಿನ ತಿಂಗಳು ಅಂದುಕೊಂಡೆ. ಎರಡು ವರ್ಷದ ಎಲ್ಲ ತಿಂಗಳೂ ಹಾಗೇ ಅಂದುಕೊಂಡೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ. ನನ್ನ ತೆರೆದ ಫಿಲ್ಟರಿಗೆ ಸರ್ಕಾರದ ಒಪ್ಪಿಗೆ ಸಂಖ್ಯೆ ಇರಲಿಲ್ಲ, ಹಾಗಾಗಿ ಪರೀಕ್ಷೆಯ ವಾರ ಹಳೆಯ ಗಾಳಿ ಪೆಟ್ಟಿಗೆಯನ್ನು ಮತ್ತೆ ಕೂರಿಸುತ್ತಿದ್ದೆ. 2012ರ ಆ ವಾರ, ಗಾಳಿ ಎಳೆಯುವ ಅಬ್ಬರ ಅಡಗಿದ್ದಾಗ, ಸಿಗ್ನಲ್ಲಿನಲ್ಲಿ ನಿಂತಲ್ಲಿ ಒಂದು ಎಳೆಯಂಥ ಕೊಂಯ್‌ಗುಟ್ಟುವಿಕೆ ಕೇಳಿದಂತಾಯಿತು. ಆಲ್ಟರ್ನೇಟರ್ ಇರಬೇಕು ಅಂದುಕೊಂಡೆ. ಸ್ಕ್ರೂಡ್ರೈವರ್ ಮೇಜಿನ ಖಾನೆಯಲ್ಲೇ ಇತ್ತು. ಪರೀಕ್ಷೆ ಪಾಸಾಯಿತು, ಫಿಲ್ಟರು ಮತ್ತೆ ಹಾಕಿದೆ, ಸದ್ದು ಮತ್ತೆ ಎಲ್ಲವನ್ನೂ ಮುಚ್ಚಿಕೊಂಡಿತು.

2013ರ ಅಕ್ಟೋಬರು. ಹೈವೇ 9, ಅದೇ ಮೂರನೇ ಗೇರು. ತಟ್ಟೆ ಬಿದ್ದಂತೆ ಒಂದು ಸದ್ದು, ಆಮೇಲೆ ಏನೂ ಇಲ್ಲ. ಕ್ಲಚ್ ಒತ್ತಿ ರಸ್ತೆಯಂಚಿಗೆ ತಂದೆ. ಗಾಜಿನ ಹಲಗೆಗಳನ್ನು ಬಿಚ್ಚಿದ್ದೆ. ಆ ಕಾರಿನಲ್ಲಿ ಕೂತು ಹಕ್ಕಿಯ ಕೂಗು ಕೇಳಿದ್ದು ಅದೇ ಮೊದಲು. ಇಳಿದು ಬಾನೆಟ್ ಎತ್ತಿದೆ. ಬೆಲ್ಟಿನ ಮುಚ್ಚಳ ಬಿಚ್ಚುವ ಅಗತ್ಯವಿರಲಿಲ್ಲ. ತಗಡಿನ ಕೊನೆಯ ಸಾಲು ನನ್ನ ಕಣ್ಣ ಮುಂದೆಯೇ ಇತ್ತು.

ಬೇರಿಂಗು ಹಿಡಿದುಕೊಂಡು ಬೆಲ್ಟು ಹರಿದಿತ್ತು. ಹೆಡ್ ತೆಗೆದಾಗ 24ರಲ್ಲಿ 14 ವಾಲ್ವು ಬಾಗಿದ್ದವು, ಎರಡು ಪಿಸ್ಟನ್ ಒಡೆದಿದ್ದವು. ರಿಪೇರಿಗೆ ಕಾರಿನ ಬೆಲೆಗಿಂತ ಹೆಚ್ಚು ಬೀಳುತ್ತಿತ್ತು. ಎಲ್ಲರೂ ಒಂದೇ ಮಾತು ಹೇಳಿದರು: ಹೇಗೂ ಎಂಜಿನ್ ಹೋಯಿತಲ್ಲ, ಟ್ವಿನ್ ಟರ್ಬೊದ್ದನ್ನೇ ತಂದು ಕೂರಿಸು. ಎಂಜಿನ್ ಹೇಗೆ ಸಿಗುತ್ತದೆ, ಎಷ್ಟಕ್ಕೆ ಎಂದು ವಿಚಾರಿಸಿದೆ ಕೂಡ. ಒಂದು ಚಳಿಗಾಲ ಕಾರು ಹೊದಿಕೆಯ ಕೆಳಗೆ ನಿಂತಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಕಪಾಟಿನ ಮೇಲಿನ ಒಡೆಯದ ಪೆಟ್ಟಿಗೆಯೇ ಮೊದಲು ಕಾಣುತ್ತಿತ್ತು.

2014ರ ಬೇಸಿಗೆಯಲ್ಲಿ ಸ್ಯಾಕ್ರಮೆಂಟೊ ಕಡೆಯಿಂದ ಒಬ್ಬ ಹುಡುಗ ಟ್ರೇಲರ್ ತೆಗೆದುಕೊಂಡು ಬಂದ. ಇಪ್ಪತ್ತೆರಡು ಇಪ್ಪತ್ತಮೂರು ಇರಬೇಕು. ಅವನು ಟ್ವಿನ್ ಟರ್ಬೊನಾ ಎಂದು ಕೇಳಲಿಲ್ಲ. ಅವನ ಹತ್ತಿರ ಟರ್ಬೊ ಎಂಜಿನ್ ಆಗಲೇ ಇತ್ತು, ಒಳ್ಳೆಯ ಮೈ ಬೇಕಾಗಿತ್ತು ಅಷ್ಟೆ. ತುಕ್ಕಿಲ್ಲದ ಕೆಳಭಾಗವನ್ನು ಮಲಗಿ ನೋಡಿದ, ಬಾಗಿಲ ಸಂದನ್ನು ಬೆರಳಿಂದ ಅಳೆದ. ಕಾರನ್ನು ಮುಟ್ಟುವ ರೀತಿ ಗೊತ್ತಿದ್ದವನು. ಹಳೆಯ ಗಾಳಿ ಪೆಟ್ಟಿಗೆಯನ್ನೂ ಹಳೆಯ ಸೈಲೆನ್ಸರನ್ನೂ ಜೊತೆಗೆ ಕೊಟ್ಟೆ. ಹರಿದ ಬೆಲ್ಟನ್ನು ಕೊಡಲಿಲ್ಲ.

ಬಾನೆಟ್ ಎತ್ತಿದವನು ತಗಡನ್ನು ಕಂಡು ಇದು ಯಾವ ಭಾಷೆ ಅಂದ. ಹೇಳಿದೆ. ಬೆಲ್ಟು ಬದಲಾಯಿಸಿದ ತಾರೀಖು, ಮೈಲಿ, ಮುಂದಿನದು ಯಾವಾಗ ಅಂತ. ಅವನು ಮೂರನೇ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ಕಾಮಾ ತಪ್ಪು ಜಾಗದಲ್ಲಿದೆ ಅಲ್ಲವಾ ಅಂದ. ತಪ್ಪಲ್ಲ, ನಮ್ಮ ಕಡೆ ಲಕ್ಷಕ್ಕೆ ಅಲ್ಲೇ ಹಾಕುವುದು, ಅಪ್ಪ ಬರೆದದ್ದು ಅಂದೆ. ಅವನು ತಲೆಯಾಡಿಸಿದ. ಸ್ವಲ್ಪ ತಡೆದು, ಬೇಕಾದರೆ ಬಿಚ್ಚಿ ಕೊಡಲೇ ಅಂದ. ಜೇಬಿನಿಂದ ಸ್ಕ್ರೂಡ್ರೈವರನ್ನೂ ತೆಗೆದಿದ್ದ.

ಬೇಡ, ಇರಲಿ ಅಂದೆ. ಕೊನೆಯ ಸಾಲು ಏನು ಎಂದು ಕೇಳಿದ. ಹೊಸ ಎಂಜಿನ್ ಕೂರಿಸುವ ಮುಂಚೆ ಬೇರಿಂಗನ್ನೂ ಬದಲಾಯಿಸಿಬಿಡು ಅಂತ ಬರೆದಿದ್ದಾರೆ ಅಂದೆ.

ಟ್ರೇಲರಿನ ಮೇಲೆ ಹತ್ತಿಸುವಾಗ ಸ್ಟೀರಿಂಗ್ ಹಿಡಿದು ಕೂತವನು ನಾನೇ. ಹಗ್ಗ ಎಳೆಯುವ ವಿಂಚು ಗುರುಗುಟ್ಟುತ್ತಿತ್ತು, ಟೈರಿನ ಕೆಳಗೆ ಒಂದೆರಡು ಕಲ್ಲು ಚಟಪಟ ಅಂದವು. ಕಾರು ಸದ್ದೇ ಇಲ್ಲದೆ ಹತ್ತಿತು.